ಹಳೆ ಕುರಿ ಸೊರಗುತ್ತಿದೆಯಾ? ಔಷಧಕ್ಕೆ ಮೊದಲು ಬಾಯಿ ನೋಡಿ

ಹಿಂಡಿನಲ್ಲಿ ಹಳೆ ಕುರಿಯೊಂದು ಹಿಂದೆ ಬೀಳಲು ಶುರುವಾದರೆ ನಮ್ಮ ಕಲಬುರಗಿ ಕಡೆ ಎರಡೇ ಮಾತು ಕೇಳಿಬರುತ್ತವೆ. ಒಂದು, "ವಯಸ್ಸಾಯ್ತು ಬಿಡಪಾ, ಸಂತಿಗೆ ಹೊಡಿ." ಇನ್ನೊಂದು, "ಜಂತಿನ ಔಷಧ ಕುಡಿಸು, ಸರಿ ಹೋಗ್ತದ." ಎರಡೂ ಸುಲಭ. ಆದರೆ ಎರಡರಲ್ಲೂ ಕುರಿಗೆ ಏನಾಗಿದೆ ಅಂತ ಯಾರೂ ನೋಡಿರುವುದಿಲ್ಲ.

ವಯಸ್ಸು ರೋಗ ಅಲ್ಲ. ಹಳೆ ಕುರಿ ಸೊರಗಿದರೆ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಹಲ್ಲು ಇರಬಹುದು, ಜಂತು ಇರಬಹುದು, ಗೊರಸು, ಲಿವರ್ ಏನಾದರೂ ಇರಬಹುದು. ಕೆಲವನ್ನು ಸರಿ ಮಾಡಬಹುದು, ಕೆಲವನ್ನು ಆಗುವುದಿಲ್ಲ. ಯಾವುದು ಅಂತ ಗೊತ್ತಾಗಬೇಕಾದರೆ ಒಂದು ಕ್ರಮದಲ್ಲಿ ನೋಡಬೇಕು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುದಿ ಕುರಿ ಯಾರು ಇಟ್ಟುಕೊಳ್ಳುತ್ತಾರೆ ಅಂತ ಕೇಳುವವರಿದ್ದಾರೆ. ಬೀರಪ್ಪ ದೇವರಿಗೆ ಬಿಟ್ಟ ಟಗರನ್ನು ಮಾರುವ ಹಾಗಿಲ್ಲ. ಕೊರಳಿಗೆ ಗಂಟೆ ಕಟ್ಟಿಕೊಂಡು ಹಿಂಡಿನ ಮುಂದೆ ನಡೆಯುವ ಕುರಿಯನ್ನು ಮಾರಲು ಮನಸ್ಸು ಬರುವುದಿಲ್ಲ. ತಾಯಿ ಸತ್ತ ಮರಿಗೆ ಮಕ್ಕಳು ಬಾಟಲಿ ಹಾಲು ಹಾಕಿ ಬೆಳೆಸಿದ್ದರೆ ಅದನ್ನು ಕಟುಕರ ಕೈಗೆ ಕೊಟ್ಟು ಮನೆಗೆ ಬಂದು ನೋಡಿ, ಊಟ ಹಾಕುವವರು ಇರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಕುರಿ 10–12 ವರ್ಷ ಬದುಕುತ್ತದೆ.

ನಿಧಾನವಾ, ದಿಢೀರಾ?

ಇದು ಮೊದಲ ಪ್ರಶ್ನೆ. ನಿನ್ನೆ ಸಂಜೆ ಚೆನ್ನಾಗಿದ್ದ ಕುರಿ ಇವತ್ತು ಬಿದ್ದಿದೆ ಅಂದರೆ ಅದು ಮುಪ್ಪು ಅಲ್ಲ. ಕೊಯ್ದ ಜೋಳದ ಹೊಲದಲ್ಲಿ ಮತ್ತೆ ಒಡೆದ ಕೂಳೆ ಚಿಗುರು ಮೇಯ್ದಿರಬಹುದು, ಅದರಲ್ಲಿ ಸಯನೈಡ್ ವಿಷ ಇರುತ್ತದೆ. ಸುಗ್ಗಿಯಲ್ಲಿ ಕಣಕ್ಕೆ ನುಗ್ಗಿ ಹೊಟ್ಟೆ ತುಂಬ ಜೋಳದ ಕಾಳು ತಿಂದಿರಬಹುದು. ಹೊಟ್ಟೆ ಉಬ್ಬರ ಇರಬಹುದು. ಮಳೆಗಾಲವಾದರೆ ನೀಲಿ ನಾಲಿಗೆ ರೋಗ, ಮೂತಿ ಊದಿ ಜೊಲ್ಲು ಸುರಿಯುತ್ತದೆ. ಇಂಥ ಹೊತ್ತಲ್ಲಿ ಮುಂದಿನದ್ದು ಓದುತ್ತಾ ಕೂರಬೇಡಿ, 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಆಸ್ಪತ್ರೆ ಗಾಡಿ ಕರೆಸಿ.

ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಾ ಬಂದಿದ್ದರೆ ಮುಂದೆ ಓದಿ.

ಕಣ್ಣನ್ನು ನಂಬಬೇಡಿ, ಕೈ ಇಡಿ

ದಖ್ಖನಿ ಕುರಿಯಾದರೆ ಉಣ್ಣೆ ಎಲ್ಲವನ್ನೂ ಮುಚ್ಚಿಡುತ್ತದೆ. ಹೊರಗಿನಿಂದ ದುಂಡಗೆ ಕಾಣುತ್ತದೆ, ಉಣ್ಣೆ ಕತ್ತರಿಸಿದ ದಿನ ಒಳಗೆ ಎಲುಬಿನ ಗೂಡು ಕಂಡು ಗಾಬರಿ ಆಗುತ್ತದೆ. ಯಾದಗಿರಿ ಕಡೆಯ ಕೆಂಗುರಿಗೆ ಉಣ್ಣೆ ಇಲ್ಲ, ಹಾಗಾಗಿ ಬೇಗ ಗೊತ್ತಾಗುತ್ತದೆ. ಯಾವ ತಳಿಯಾದರೂ ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆರಳೂರಿ ನೋಡಿ. ಬೆನ್ನೆಲುಬಿನ ಮೊನೆಗಳು ಚೂಪಾಗಿ ಒಂದೊಂದಾಗಿ ಸಿಕ್ಕರೆ, ಅಡ್ಡ ಎಲುಬಿನ ಕೆಳಗೆ ಬೆರಳು ಸಲೀಸಾಗಿ ತೂರಿದರೆ ಮಾಂಸ ಕರಗಿದೆ ಅಂತ ಅರ್ಥ. ತಿಂಗಳಿಗೊಮ್ಮೆ ಹೀಗೆ ಮುಟ್ಟಿ ನೋಡುವ ಅಭ್ಯಾಸ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕಾಟಾ ಇದ್ದರೆ ತೂಕ ಮಾಡಿ ಬರೆದಿಡಿ, ಇನ್ನೂ ಒಳ್ಳೆಯದು.

ಜ್ವರ ನೋಡುವುದು ಬೆಳಗ್ಗೆಯೇ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ನೋಡಿದರೆ ಗಟ್ಟಿ ಕುರಿಯ ಮೈಯೂ ಬಿಸಿ ಇರುತ್ತದೆ, ಆ ಲೆಕ್ಕ ಸುಮ್ನೆ ದಾರಿ ತಪ್ಪಿಸುತ್ತದೆ. ಗುದದಲ್ಲಿ ಥರ್ಮಾಮೀಟರ್ ಇಟ್ಟರೆ 102ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಇರಬೇಕು. 104 ದಾಟಿದರೆ ಒಳಗೆ ಸೋಂಕು ಇದೆ ಅಂತ ಅನುಮಾನ ಪಡಿ. 101ಕ್ಕಿಂತ ಕೆಳಗಿದ್ದರೆ ಅದು ಇನ್ನೂ ಕೆಟ್ಟದ್ದು, ಶಕ್ತಿ ಮುಗಿಯುತ್ತಾ ಬಂದಿದೆ. ಎಡ ಪಕ್ಕೆಯ ಹಳ್ಳದಲ್ಲಿ ಮುಷ್ಟಿ ಒತ್ತಿ ಹಿಡಿದರೆ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಕೈಯನ್ನು ಹೊರಗೆ ತಳ್ಳಬೇಕು. ತಳ್ಳದಿದ್ದರೆ ಹೊಟ್ಟೆ ನಿಂತಿದೆ.

ಬಾಯಿ

ಇಲ್ಲಿ ಅವಸರ ಬೇಡ. ಹಳೆ ಕುರಿಯ ತೊಂದರೆ ಜಾಸ್ತಿ ಸಿಗುವುದು ಇಲ್ಲೇ, ಆದರೂ ಕೊನೆಗೆ ನೋಡುವುದೂ ಇದನ್ನೇ.

ಕುರಿಗೆ ಮುಂದಿನ ಹಲ್ಲು ಕೆಳಗೆ ಮಾತ್ರ, ಎಂಟು. ಮೇಲೆ ಗಟ್ಟಿ ವಸಡು ಅಷ್ಟೇ. ಒಂದರಿಂದ ಒಂದೂವರೆ ವರ್ಷಕ್ಕೆ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬರುತ್ತವೆ, ನಾಲ್ಕು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಆಮೇಲೆ ಐದಾರು ವರ್ಷದಿಂದ ಹಲ್ಲು ಸವೆಯುವುದು, ಸಂದು ಬಿಡುವುದು, ಉದ್ದವಾಗಿ ಅಲುಗಾಡುವುದು, ಉದುರುವುದು. ನಮ್ಮ ಒಣ ಭೂಮಿಯಲ್ಲಿ ಬುಡಕ್ಕೆ ಬಾಯಿ ಹಾಕಿ ಮಣ್ಣು ಸಮೇತ ಮೇಯುವ ಕುರಿಗೆ ಇದು ಇನ್ನೂ ಬೇಗ.

ಮುಂದಿನ ಹಲ್ಲು ಹೋಗಿದೆಯಾ ಅಂತ ತುಟಿ ಸರಿಸಿದರೆ ಕಾಣುತ್ತದೆ. ಒಂದೆರಡು ಅಲುಗಾಡುತ್ತಿದ್ದರೆ ಅದೇ ಕಷ್ಟ: ಪೂರ್ತಿ ಉದುರಿದ ಕುರಿ ವಸಡಿನಲ್ಲೇ ಹೇಗೋ ನಿಭಾಯಿಸುತ್ತದೆ, ಅರೆಬರೆ ಇರುವ ಕುರಿ ನೋವಿಗೆ ಹೆದರಿ ಮೇಯುವುದನ್ನೇ ಬಿಡುತ್ತದೆ.

ಆದರೆ ನಿಜವಾದ ಕಳ್ಳ ಹಿಂದೆ ಇರುತ್ತಾನೆ, ದವಡೆ ಹಲ್ಲಿನಲ್ಲಿ. ಅದನ್ನು ನೋಡಲು ಬಾಯೊಳಗೆ ಬೆರಳು ಹಾಕಲೇಬೇಡಿ, ದವಡೆ ಹಲ್ಲು ಬ್ಲೇಡಿನ ಹಾಗೆ ಚೂಪಾಗಿರುತ್ತದೆ, ಬೆರಳು ಹೋಗುತ್ತದೆ. ಹೊರಗಿನಿಂದ ನೋಡಿ. ಕುರಿಯನ್ನು ನಿಮ್ಮ ಎರಡು ಮೊಣಕಾಲ ಮಧ್ಯೆ ಹಿಡಿದು ನಿಲ್ಲಿ, ಹಿಂದಿನಿಂದ ಎರಡೂ ಅಂಗೈಯನ್ನು ಎರಡು ಕೆನ್ನೆಗೆ ಇಟ್ಟು ದವಡೆ ಉದ್ದಕ್ಕೂ ನಿಧಾನವಾಗಿ ಒತ್ತುತ್ತಾ ಬನ್ನಿ. ಎರಡೂ ಕಡೆ ಒಂದೇ ಥರ ಇರಬೇಕು. ಒಂದು ಕಡೆ ಗುಂಡಿ ಸಿಕ್ಕರೆ ಅಲ್ಲಿ ಹಲ್ಲಿಲ್ಲ. ಉಬ್ಬು ಸಿಕ್ಕಿ, ಒತ್ತಿದಾಗ ಅದು ಮೆತ್ತಗೆ ಕರಗಿದ ಹಾಗಾದರೆ ಕೆನ್ನೆಯಲ್ಲಿ ಮೇವು ಸಿಕ್ಕಿಕೊಂಡಿದೆ. ಒತ್ತಿದ ತಕ್ಷಣ ಕುರಿ ತಲೆ ಕಿತ್ತುಕೊಂಡರೆ ಅಲ್ಲಿ ನೋವಿದೆ. ಎಲುಬಿಗೇ ಅಂಟಿದ ಗಟ್ಟಿ ಬಾವು ಇದ್ದರೆ ಹಲ್ಲಿನ ಬೇರಲ್ಲಿ ಕೀವು.

ಇನ್ನೂ ಮೂರು ಗುರುತು ಇವೆ. ಬಾಯಿಯ ಅಂಚಲ್ಲಿ ಹಸಿರು ಕಲೆ. ಬಾಯಿಂದ ಕೊಳೆತ ವಾಸನೆ. ಮತ್ತು ಮೆಲುಕು ಹಾಕುವ ಜಾಗದಲ್ಲಿ ಬಿದ್ದಿರುವ ಅರೆ ಅಗಿದ ಹುಲ್ಲಿನ ಉಂಡೆಗಳು. ಬೆಳಗ್ಗೆ ದೊಡ್ಡಿ ಗುಡಿಸುವ ಮೊದಲು ನೆಲ ನೋಡಿ, ಆ ಉಂಡೆ ಕಂಡರೆ ದವಡೆ ಹಲ್ಲು ಕೆಟ್ಟಿದೆ ಅಂತ ಹೆಚ್ಚುಕಡಿಮೆ ಖಾತ್ರಿ. ನಮ್ಮಲ್ಲಿ ಇದನ್ನು ಹೆಂಗಸರೇ ಮೊದಲು ಕಾಣುವುದು, ಕಸಬರಿಗೆ ಅವರ ಕೈಯಲ್ಲಿರುತ್ತದಲ್ವಾ. ಅವರನ್ನು ಕೇಳಿ.

ಹಲ್ಲಿನ ತೊಂದರೆ ಅಂತ ಗೊತ್ತಾಗಿ, ಕೀವು ಇಲ್ಲದಿದ್ದರೆ ಔಷಧ ಬೇಕಿಲ್ಲ, ಮೇವು ಬದಲಿಸಬೇಕು. ಇಡೀ ಜೋಳದ ಕಣಕಿ ಮುಂದೆ ಹಾಕಿ "ತಿನ್ನುವುದಿಲ್ಲ" ಅಂದರೆ ಹೇಗೆ? ಕಣಕಿ ಸಣ್ಣಗೆ ಕತ್ತರಿಸಿ. ತೊಗರಿ ಹೊಟ್ಟು, ಶೇಂಗಾ ಹೊಟ್ಟು ನೀರು ಚಿಮುಕಿಸಿ ಕೊಡಿ. ಕಲಬುರಗಿಯಲ್ಲಿ ದಾಲ್ ಮಿಲ್ಲಿಗೆ ಬರಗಾಲವಿಲ್ಲ, ಅಲ್ಲಿ ಸಿಗುವ ತೊಗರಿ ಚುನಿಯನ್ನು ರಾತ್ರಿ ನೆನೆಸಿ ಬೆಳಗ್ಗೆ ಗಂಜಿಯ ಹದಕ್ಕೆ ಕೊಟ್ಟರೆ ಹಲ್ಲಿಲ್ಲದ ಕುರಿಯೂ ತಿನ್ನುತ್ತದೆ. ಮೊದಲ ದಿನ ಒಂದು ಹಿಡಿ ಮಾತ್ರ. ಹತ್ತು ದಿನದಲ್ಲಿ ನಿಧಾನವಾಗಿ ಏರಿಸಿ, ಮಧ್ಯಮ ಕುರಿಗೆ ದಿನಕ್ಕೆ 200–250 ಗ್ರಾಂ, ಅದೂ ಎರಡು ಹೊತ್ತು ಹಂಚಿ. ಪ್ರೀತಿ ಉಕ್ಕಿ ಮೊದಲ ದಿನವೇ ಬುಟ್ಟಿ ತುಂಬ ಜೋಳದ ನುಚ್ಚು ಇಟ್ಟರೆ ಹೊಟ್ಟೆ ಹುಳಿಯಾಗಿ ಹಲ್ಲಿಗಿಂತ ಮೊದಲು ಅದೇ ಕೊಲ್ಲುತ್ತದೆ.

ಬೇರೆ ಕಟ್ಟಿ ಮೇಯಿಸಿ ನೋಡಿ

ಇದು ಔಷಧಿಯಲ್ಲ, ಪರೀಕ್ಷೆ. ಕುರಿಯನ್ನು ಹಿಂಡಿನಿಂದ ಬೇರೆ ಮಾಡಿ, ಒಂದೇ ಇರಲಾರದು ಅಂತ ಜೊತೆಗೆ ಒಂದು ಸಾಧು ಕುರಿ ಬಿಡಿ, ಎರಡು ಮೂರು ವಾರ ಮೆತ್ತಗಿನ ಮೇವು ಕೊಡಿ. ಮೈ ತುಂಬಿಕೊಂಡರೆ ತೊಂದರೆ ಹಲ್ಲಿನದ್ದು, ಇಲ್ಲವೇ ಗೋದಲಿಯಲ್ಲಿ ಎಳೆಯ ಕುರಿಗಳು ಇದನ್ನು ತಳ್ಳಿಹಾಕುತ್ತಿದ್ದವು. ತಿನ್ನದೇ ಇದ್ದರೆ ಬಾಯಿ, ಜ್ವರ, ನೋವು ಮತ್ತೆ ನೋಡಿ. ಚೆನ್ನಾಗಿ ತಿಂದೂ ಸೊರಗುತ್ತಲೇ ಹೋದರೆ ಒಳಗೆ ಯಾರೋ ಪಾಲು ಕೇಳುತ್ತಿದ್ದಾರೆ: ಜಂತು, ಲಿವರ್ ಹುಳ ಅಥವಾ ಜೋನ್ಸ್ ಅನ್ನುವ ಕರುಳಿನ ರೋಗ. ಮುಂದಿನ ಭಾಗ ಅದಕ್ಕೇ.

ಕಣ್ಣಿನ ರೆಪ್ಪೆ, ಗದ್ದದ ಕೆಳಗಿನ ಬಾವು

ಕೆಳ ರೆಪ್ಪೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಕೆಳಗೆಳೆದು ಒಳಗಿನ ಬಣ್ಣ ನೋಡಿ. ಬಿಸಿಲ ಬೆಳಕಲ್ಲಿ ನೋಡಿ, ಗುಡಿಸಲಿನ ಕತ್ತಲಲ್ಲಿ ಬೇಡ. ಕೆಂಪಾಗಿದ್ದರೆ ರಕ್ತ ಇದೆ. ತಿಳಿ ಗುಲಾಬಿ ಇದ್ದರೆ ಎಚ್ಚರ. ಕಾಗದದ ಬಿಳುಪು ಬಂದಿದ್ದರೆ ಅಪಾಯ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೇ ಐದು ಬಣ್ಣದ ಚಾರ್ಟ್ ಮಾಡಿದ್ದಾರೆ, ಫಮಾಚಾ ಅಂತ ಹೆಸರು, ಒಂದನೆಯದು ಕೆಂಪು, ಐದನೆಯದು ಬಿಳಿ. ಗಟ್ಟಿ ಕುರಿಯಾದರೆ ನಾಲ್ಕಕ್ಕೆ ಔಷಧ ಹಾಕುತ್ತಾರೆ. ಹಳೆ ಕುರಿಗೆ ಮೂರಕ್ಕೇ ಹಾಕುವುದು ಲೇಸು.

ರೆಪ್ಪೆ ಬಿಳುಪಾಗಿದ್ದರೆ ಮೊದಲ ಅನುಮಾನ ಹಿಮಾಂಕಸ್ ಅನ್ನುವ ರಕ್ತ ಹೀರುವ ಜಂತು. ಮಳೆಗಾಲದಲ್ಲಿ ಇದರ ಹಾವಳಿ. ಇದರಲ್ಲಿ ಭೇದಿ ಆಗಲೇಬೇಕಂತಿಲ್ಲ, ಹಿಕ್ಕೆ ಗಟ್ಟಿಯಾಗೇ ಇರುತ್ತದೆ. "ಭೇದಿ ಇಲ್ಲ, ಹಾಗಾಗಿ ಜಂತಿಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ಗದ್ದದ ಕೆಳಗೆ ನೀರಿನ ಚೀಲ ಇಳಿಬೀಳುತ್ತದೆ. ಮುಟ್ಟಿದರೆ ಮೆತ್ತಗೆ, ಬೆರಳು ಒತ್ತಿದರೆ ಗುಳಿ ಉಳಿಯುತ್ತದೆ. ತಲೆ ತಗ್ಗಿಸಿ ಮೇಯ್ದು ಬಂದ ಸಂಜೆ ದೊಡ್ಡದಿರುತ್ತದೆ, ಬೆಳಗ್ಗೆ ಇಳಿದಿರುತ್ತದೆ. ಹಲ್ಲಿನ ಬಾವು ಹೀಗೆ ಏರಿ ಇಳಿಯುವುದಿಲ್ಲ, ಎರಡಕ್ಕೂ ವ್ಯತ್ಯಾಸ ಅದೇ. ಈ ಚೀಲವನ್ನು ಸೂಜಿ ಚುಚ್ಚಿ ಖಾಲಿ ಮಾಡುವವರನ್ನು ನೋಡಿದ್ದೇನೆ. ಮಾಡಬೇಡಿ. ನೀರು ಮತ್ತೆ ತುಂಬುತ್ತದೆ, ಮೇಲೆ ಕೀವು ಬೇರೆ.

ಈಗ ಎಲ್ಲಿ ಮೇಯಿಸುತ್ತೀರಿ ಅನ್ನುವುದು ಮುಖ್ಯ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರ ಕಡೆ ಭತ್ತದ ಗದ್ದೆ ಜಾಸ್ತಿ. ಗದ್ದೆ ಬದು, ಕಾಲುವೆ ಸೋರಿ ನಿಂತ ನೀರು, ಬಸವನಹುಳ, ಅದರ ಹಿಂದೆಯೇ ಲಿವರ್ ಹುಳ. ಬೇಸಿಗೆಯಲ್ಲಿ ಹಸಿರು ಅಲ್ಲಿ ಮಾತ್ರ ಉಳಿಯುವುದರಿಂದ ಕುರಿಗಳು ಅಲ್ಲಿಗೇ ಹೋಗುತ್ತವೆ. ಕೆರೆ ಅಂಗಳ, ಭೀಮಾ ನದಿ ದಂಡೆ, ಬೀದರ್ ಕಡೆ ಕಾರಂಜಾ ಹಿನ್ನೀರು, ಎಲ್ಲಾ ಕಡೆ ಇದೇ ಕಥೆ. ಇಂಥ ಜಾಗದಲ್ಲಿ ಮೇಯ್ದ ಕುರಿಯ ಗದ್ದ ಊದಿದ್ದರೆ ಮಾಮೂಲಿ ಜಂತಿನ ಔಷಧಿ ಹಾಕಿ "ಕೆಲಸ ಮಾಡಲಿಲ್ಲ" ಅಂತ ಬೈಯುವುದರಲ್ಲಿ ಅರ್ಥವಿಲ್ಲ. ಲಿವರ್ ಹುಳಕ್ಕೆ ಔಷಧಿಯೇ ಬೇರೆ. ಗಬ್ಬು ವಾಸನೆಯ ನೀರು ಭೇದಿ ಇದ್ದರೆ ಹೊಟ್ಟೆಯ ಚಪ್ಪಟೆ ಹುಳ ಇರಬಹುದು, ಅದೂ ಬಸವನಹುಳದಿಂದಲೇ ಬರುವುದು.

ಔಷಧ ಅಂಗಡಿಗೆ ಹೋಗುವ ಮೊದಲು ಹಿಕ್ಕೆ ಪರೀಕ್ಷೆ ಮಾಡಿಸಿ. ಆಗಷ್ಟೇ ಹಾಕಿದ ಹಿಕ್ಕೆ ಒಂದು ಹಿಡಿ, ಸಣ್ಣ ಪ್ಲಾಸ್ಟಿಕ್ ಚೀಲ, ಅದೇ ದಿನ ಪಶು ಆಸ್ಪತ್ರೆಗೆ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬೇಯಿಸಿಕೊಂಡು ಹೋಗಬೇಡಿ. ಬೀದರ್ ಸುತ್ತಮುತ್ತ ಇರುವವರಿಗೆ ನಂದಿನಗರದ ಪಶು ವೈದ್ಯಕೀಯ ಕಾಲೇಜೇ ಹತ್ತಿರ.

ಡೋಸು ತೂಕ ನೋಡಿಯೇ. ಸೊರಗಿದ ಕುರಿಯನ್ನು ಕಣ್ಣಂದಾಜಿನಲ್ಲಿ 40 ಕಿಲೋ ಅಂದುಕೊಂಡು ಹಾಕುತ್ತಾರೆ, ಕಾಟಾಕ್ಕೆ ಹಾಕಿದರೆ 26 ಇರುತ್ತದೆ. ಕ್ಲೋಸಾಂಟಲ್ ಥರದ ಔಷಧಿ ಹೆಚ್ಚಾದರೆ ಕಣ್ಣು ಹೋಗುತ್ತದೆ. ಗಬ್ಬವಾದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಅನ್ನುವ ಜಂತಿನ ಔಷಧಿ ಬೇಡ.

ಜಂತೂ ಇಲ್ಲ, ಲಿವರ್ ಹುಳವೂ ಇಲ್ಲ, ತಿನ್ನುತ್ತಿದೆ, ಆದರೂ ಎಲುಬು ಕಾಣುತ್ತಿದೆ ಅಂದರೆ ಜೋನ್ಸ್ ರೋಗದ ಬಗ್ಗೆ ಡಾಕ್ಟರನ್ನು ಕೇಳಿ. ಮರಿ ಇದ್ದಾಗಲೇ ತಗಲಿ ದೊಡ್ಡದಾದ ಮೇಲೆ ಕಾಣುವ ರೋಗ ಇದು. ದನಗಳ ಹಾಗೆ ಕುರಿಯಲ್ಲಿ ಯಾವಾಗಲೂ ಭೇದಿ ಇರುವುದಿಲ್ಲ. ಚಿಕಿತ್ಸೆ ಇಲ್ಲ. ಹಿಕ್ಕೆಯಿಂದ ಮರಿಗಳಿಗೆ ಹರಡುತ್ತದೆ, ಹಾಗಾಗಿ ಆ ಕುರಿಯನ್ನು ಮರಿಗಳಿಂದ ದೂರ ಇಡಲೇಬೇಕು, ಎಷ್ಟು ಮುದ್ದಿನದಾದರೂ.

ಕಾಲು

ಮುಂಗಾಲು ಮಡಚಿ ಮೊಣಕಾಲ ಮೇಲೆ ನಿಂತು ಮೇಯುತ್ತಿದೆಯಾ? ಭಕ್ತಿಯಿಂದಲ್ಲ, ಗೊರಸು ನೋಯುತ್ತಿದೆ. ಎರೆ ಮಣ್ಣು ಮಳೆಗಾಲದಲ್ಲಿ ಗೊರಸಿನ ಸಂದಿಗೆ ಮೆತ್ತಿಕೊಂಡು ಒಣಗಿದರೆ ಕಲ್ಲಾಗುತ್ತದೆ, ಹೆಜ್ಜೆ ಹೆಜ್ಜೆಗೂ ಚರ್ಮ ಕೊಯ್ಯುತ್ತದೆ. ನೀರು ಹಾಕಿ ಬಿಡಿಸಿ, ಸಂದು ಮೂಸಿ ನೋಡಿ. ಕೊಳೆತ ವಾಸನೆ ಇದ್ದರೆ ಗೊರಸು ಕೊಳೆ. 10 ಲೀಟರ್ ನೀರಿಗೆ ಒಂದು ಕಿಲೋ ಝಿಂಕ್ ಸಲ್ಫೇಟ್ ಕರಗಿಸಿ, ಅದರಲ್ಲಿ ಕಾಲು ಮುಳುಗಿಸಿ ನಿಲ್ಲಿಸಿ, ಕುಡಿಯದ ಹಾಗೆ ನೋಡಿಕೊಳ್ಳಿ. ಉದ್ದ ಬೆಳೆದು ಮಡಚಿದ ಗೊರಸು ಇದ್ದರೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಗುಲಾಬಿ ಬಣ್ಣ ಕಂಡ ಕೂಡಲೇ ನಿಲ್ಲಿಸಿ.

ಗೊರಸು ಚೆನ್ನಾಗಿದ್ದು ಕೀಲು ದಪ್ಪಗಾಗಿ, ಏಳುವಾಗ ಹಲ್ಲು ಕಡಿಯುತ್ತಿದ್ದರೆ ಅದು ಕೀಲುನೋವು. ಇಂಥ ಕುರಿಯನ್ನು ಮೂರ್ನಾಲ್ಕು ಕಿಲೋಮೀಟರ್ ಅಡವಿಗೆ ಹೊಡೆಯಬೇಡಿ. ನೀರು, ನೆರಳು, ಮೇವು ಕಾಲಬುಡಕ್ಕೇ ಬರಬೇಕು. ನೋವಿನ ಇಂಜೆಕ್ಷನ್ ಡಾಕ್ಟರೇ ಬರೆಯಲಿ. ಡೈಕ್ಲೋಫಿನಾಕ್ ಮಾತ್ರ ಬೇಡ. ಅದನ್ನು ಹಾಕಿದ ಪ್ರಾಣಿಯ ಹೆಣ ತಿಂದು ರಣಹದ್ದುಗಳು ಸತ್ತವು ಅಂತಲೇ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದ್ದಾರೆ. ಆದರೂ ಮನುಷ್ಯರ ಇಂಜೆಕ್ಷನ್ ತಂದು ಚುಚ್ಚುವವರು ಇದ್ದಾರೆ.

ಉಸಿರು, ಕೆಚ್ಚಲು, ಗಬ್ಬ

ಮೂಗಿನ ಒಂದೇ ಕಡೆ ಸಿಂಬಳ, ಪದೇ ಪದೇ ಸೀನು ಇದ್ದರೆ ಮೂಗಿನ ಹುಳ. ಎರಡೂ ಕಡೆ ಹಳದಿ ಸಿಂಬಳ, ಕೆಮ್ಮು, ಜ್ವರ ಇದ್ದರೆ ನ್ಯುಮೋನಿಯಾ. ಬೀದರ್ ಕಡೆ ಡಿಸೆಂಬರ್ ರಾತ್ರಿಯ ಥಂಡಿಯಲ್ಲಿ, ಅದೂ ಆಗಷ್ಟೇ ಉಣ್ಣೆ ಕತ್ತರಿಸಿದ ಹಳೆ ಕುರಿಗೆ ಇದು ಬೇಗ ಬರುತ್ತದೆ. ಹಳೆ ಕಂಬಳಿ ಹೊದಿಸಿ. ಕೆಚ್ಚಲಲ್ಲಿ ಗಟ್ಟಿ ಗಂಟು ಇದ್ದರೆ ಹಳೆ ಕೆಚ್ಚಲು ಬಾವು. ಹಳೆ ಕುರಿ ತುಂಬು ಗಬ್ಬದಲ್ಲಿ ಮೇವು ಬಿಟ್ಟು, ಒಂದೇ ನಿಂತು, ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತುತ್ತಿದ್ದರೆ ಅವಳಿ ಮರಿ ಇರಬಹುದು, ಮೈಯ ಶಕ್ತಿ ಸಾಲುತ್ತಿಲ್ಲ. ಬೆಲ್ಲದ ನೀರು ಕುಡಿಸುತ್ತಾ ಡಾಕ್ಟರಿಗೆ ಫೋನ್ ಮಾಡಿ, ಬೆಳಗ್ಗೆವರೆಗೆ ಕಾಯಬೇಡಿ. ಹಲ್ಲುದುರಿದ ಕುರಿಯನ್ನು ಟಗರಿನ ಹತ್ತಿರ ಬಿಡದಿದ್ದರೆ ಈ ಪಾಡೇ ಇಲ್ಲ.

ಕುಡಿಸುವ ಕೈ

ಹಳೆ ಕುರಿಗೆ ನುಂಗುವುದು ನಿಧಾನ. ತಲೆಯನ್ನು ಆಕಾಶಕ್ಕೆ ಎತ್ತಿ ಬಾಟಲಿ ತುರುಕಿದರೆ ಔಷಧ ಶ್ವಾಸಕೋಶಕ್ಕೆ ಹೋಗುತ್ತದೆ, ಎರಡು ದಿನಕ್ಕೆ ನ್ಯುಮೋನಿಯಾ. ತಲೆ ನೆಲಕ್ಕೆ ಸಮ ಇರಲಿ, ಸೂಜಿ ಇಲ್ಲದ ಸಿರಿಂಜನ್ನು ಬಾಯಿಯ ಮೂಲೆಯಿಂದ ಹಾಕಿ, ಸ್ವಲ್ಪ ಬಿಟ್ಟು ನುಂಗಲು ಕಾಯಿರಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ.

ಎಮ್ಮೆ, ದನಕ್ಕೆ ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಅದರಲ್ಲಿ ತಾಮ್ರ ಜಾಸ್ತಿ, ಕುರಿಯ ಲಿವರ್‌ನಲ್ಲಿ ತಾಮ್ರ ಕೂಡುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಕಾಮಾಲೆಯಾಗಿ ಸಾಯುತ್ತದೆ. ಹಿಂದೆ ಜಂತಿಗೆ ಮೈಲುತುತ್ತು ಕುಡಿಸುತ್ತಿದ್ದರು, ಅದರಲ್ಲಿರುವುದೂ ತಾಮ್ರವೇ, ಅದೂ ಇದೇ ದಾರಿ. ಕುರಿಗೆಂದೇ ಸಿಗುವ ಮಿಶ್ರಣ ಕೇಳಿ ತನ್ನಿ.

ಎದ್ದೇಳದೇ ಇದ್ದರೆ

ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಹೊಟ್ಟು ತುಂಬಿದ ಗೋಣಿಚೀಲ ಒತ್ತಾಗಿಡಿ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹೊಟ್ಟೆ ಉಬ್ಬುತ್ತದೆ. ಮೂರ್ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಕೆಳಗಿನ ಹುಲ್ಲು ಒಣಗಿರಲಿ. ಬಾಲದ ಸುತ್ತ ಉಣ್ಣೆ ಕತ್ತರಿಸಿ, ಇಲ್ಲದಿದ್ದರೆ ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ. ಹುಳ ಬಿದ್ದ ಗಾಯಕ್ಕೆ ನಮ್ಮ ಕಡೆ ಸೀತಾಫಲದ ಎಲೆ ಅರೆದು ಕಟ್ಟುತ್ತಾರೆ. ಕಣ್ಣಿನ ಹತ್ತಿರದ ಗಾಯಕ್ಕೆ ಅದು ಬೇಡ, ಕಣ್ಣಿಗೆ ತಾಗಿದರೆ ಬಹಳ ಉರಿ, ಕಣ್ಣೇ ಕೆಡಬಹುದು.

ತಾನಾಗಿ ನೀರು ಕುಡಿಯುತ್ತಿದೆಯಾ, ಮೆಲುಕು ಹಾಕುತ್ತಿದೆಯಾ, ಹಿಡಿದೆತ್ತಿದರೆ ಕಾಲೂರಲು ನೋಡುತ್ತದೆಯಾ? ಈ ಮೂರರಲ್ಲಿ ಒಂದಾದರೂ ಇದ್ದರೆ ಇನ್ನೂ ನೋಡಬಹುದು. ಮೂರೂ ನಿಂತು, ಮೈ ತಣ್ಣಗಾಗಿ, ಹಲ್ಲು ಕಡಿಯುತ್ತಾ ಇದ್ದರೆ ಡಾಕ್ಟರನ್ನು ಕರೆಸಿ ನೋವಿಲ್ಲದೆ ಮುಗಿಸಲು ಹೇಳಿ. ದೇವರಿಗೆ ಬಿಟ್ಟದ್ದು ಅಂತ ಹಿಂಜರಿಯುವವರಿದ್ದಾರೆ. ಅದು ಅವರವರಿಗೆ ಬಿಟ್ಟಿದ್ದು, ಆದರೆ ಆಗಲೂ ನೋವಿನ ಔಷಧಿಗೆ ಯಾವ ದೇವರೂ ಬೇಡ ಅನ್ನುವುದಿಲ್ಲ. ಔಷಧಿ ಬಿದ್ದ ಕುರಿಯನ್ನು ಅವಸರದಲ್ಲಿ ಕೊಯ್ದು ಹಂಚಬೇಡಿ, ಎಷ್ಟು ದಿನ ಮಾಂಸ ತಿನ್ನಬಾರದು ಅಂತ ಔಷಧಿಯ ಮೇಲೆ ಬರೆದಿರುತ್ತದೆ.

ಸತ್ತರೆ ಆಳವಾದ ಗುಂಡಿ, ಮೇಲೆ ಸುಣ್ಣ. ಮೂಗು, ಗುದದಿಂದ ಕಪ್ಪು ರಕ್ತ ಸುರಿದು ಸತ್ತಿದ್ದರೆ ಕೊಯ್ಯಲೇಬೇಡಿ, ಮುಟ್ಟಬೇಡಿ, ಅದು ಅಂಥ್ರಾಕ್ಸ್ ಇರಬಹುದು, ಆಸ್ಪತ್ರೆಗೆ ತಿಳಿಸಿ. ಸತ್ತ ಕುರಿಯ ಲಿವರ್, ಶ್ವಾಸಕೋಶ, ತಲೆಯನ್ನು ಹಟ್ಟಿಯ ನಾಯಿಗೆ ಎಸೆಯುವ ರೂಢಿ ಬಿಡಿ. ಅದರಲ್ಲಿರುವ ಗುಳ್ಳೆಗಳಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ, ನಾಯಿಯ ಹೇಲಿನ ಮೂಲಕ ಉಳಿದ ಕುರಿಗಳಿಗೂ, ಮನೆಯ ಮಕ್ಕಳಿಗೂ ಬರುತ್ತದೆ. ಕುರಿಗೆ ಜಂತಿನ ಔಷಧಿ ತರುವ ದಿನ ನಾಯಿಗೂ ಒಂದು ಮಾತ್ರೆ ಕೇಳಿ ತನ್ನಿ.